ಪುಕ್ಕಟೆ ಗೋಲ್‌ಕೀಪರ್

ಎಪ್ಪತ್ತರ ದಶಕದಲ್ಲಿ ನಾನು ಬ್ರೂಸ್‌ಪೇಟೆ ಫುಟ್‌ಬಾಲ್ ತಂಡದ ಕಾರ್ಯದರ್ಶಿಯಾಗಿದ್ದೆ. ಆಟ ಬರುತ್ತಿರಲಿಲ್ಲ, ನಿಜ. ಆದರೆ ಜವಳಿ ಅಂಗಡಿಯ ಗುಮಾಸ್ತನಿಗೆ ಎಲ್ಲಿ ಕತ್ತರಿ ಹಾಕಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ!

ನಮ್ಮ ತಂಡದ ಹುಲಿ ಸಿರುಗುಪ್ಪದ ಹುಸೇನಿ. ಅವನ ಗುರಿ ತಪ್ಪುತ್ತಿರಲಿಲ್ಲ. ಬೇಡಿಕೆಯೂ ತಪ್ಪುತ್ತಿರಲಿಲ್ಲ: ಮೂವರು ಆಟಗಾರರ ಸಂಬಳ, ಬಸ್ ಚಾರ್ಜು, ಮೇಲೊಂದು ಪ್ಲೇಟು ಬಿರಿಯಾನಿ. ತಂಡದ ಅಧ್ಯಕ್ಷರೂ ನಾನು ಕೆಲಸಕ್ಕಿದ್ದ ಅಂಗಡಿಯ ಮಾಲೀಕರೂ ಆದ ಶರಣಪ್ಪ ಸಾಹುಕಾರರು ನನ್ನನ್ನು ಕರೆದರು.

“ಹನ್ನೊಂದು ಮಂದಿಗೂ ಸೇರಿ ಇಷ್ಟ ರೊಕ್ಕ. ಇದರ ಮ್ಯಾಲೆ ಒಂದು ಪೈಸಾ ಕೇಳಬ್ಯಾಡ. ಹುಸೇನಿನ್ನ ಇಟ್ಕೊಳ್ಳೋದು ಬಿಡೋದು ನಿನಗ ಬಿಟ್ಟಿದ್ದು. ಆದರ ಬರೋ ಪಂದ್ಯದಾಗ ಕುರುಗೋಡಿನವರ ಕೈಯಾಗ ಸೋತ್ರ ನೀ ಸೆಕ್ರೆಟ್ರಿ ಅಲ್ಲ!”

ಎಷ್ಟು ಕೂಡಿಸಿ ಕಳೆದರೂ ಒಬ್ಬನ ಸಂಬಳ ಕಡಿಮೆ ಬೀಳುತ್ತಿತ್ತು. ಹುಸೇನಿಯನ್ನು ಬಿಡುವಂತಿಲ್ಲ. ಉಳಿದವರೂ ಬೆವರು ಸುರಿಸಿ ಓಡುತ್ತಾರೆ. ಓಡದವನು ಯಾರು? ಗೋಲ್‌ಕೀಪರ್, ಮೋಕ ಊರಿನ ಎರ್ರಿಸ್ವಾಮಿ! ಕಂಬದ ಪಕ್ಕ ಸುಮ್ಮನೆ ನಿಲ್ಲುವವನಿಗೆ ಸಂಬಳವೇ? ಅವನನ್ನು ಕೈಬಿಟ್ಟೆ.

“ಅಲ್ರೀ, ಅವನ ಜಾಗಾದಾಗ ಯಾರು ನಿಂದರ್ತಾರ?” ಎಂದಳು ಹೆಂಡತಿ.

“ನಾನ! ಪುಕ್ಕಟೆ!”

“ನೀವಾ? ಮೊನ್ನಿ ಅಟ್ಟದ ಮ್ಯಾಲಿಂದ ಬೆಲ್ಲದ ಅಚ್ಚು ಕೊಟ್ರ ಹಿಡಿಯಾಕ ಆಗಲಿಲ್ಲ. ಕಾಲ ಮ್ಯಾಲೆ ಹಾಕ್ಕೊಂಡ್ರಿ.”

“ಬೆಲ್ಲ ಬ್ಯಾರೆ, ಚೆಂಡು ಬ್ಯಾರೆ,” ಎಂದು ಅಧಿಕೃತವಾಗಿ ಘೋಷಿಸಿದೆ.

ಕುರುಗೋಡಿನಲ್ಲಿ ಪಂದ್ಯ. ಮೊದಲ ಚೆಂಡು ಬಂದಾಗ ನಾನು ಎಡಕ್ಕೆ ಬಾಗಬೇಕೋ ಬಲಕ್ಕೆ ಬಾಗಬೇಕೋ ಎಂದು ಗಂಭೀರವಾಗಿ ಪರಿಶೀಲಿಸುತ್ತಿದ್ದೆ. ಪರಿಶೀಲನೆ ಮುಗಿಯುವಷ್ಟರಲ್ಲಿ ಗೋಲಾಗಿತ್ತು. ಗೋಲಿನ ಹಿಂದೆ ಬಲೆ ಇರಲಿಲ್ಲ, ಹತ್ತಿ ಹೊಲವಿತ್ತು. ಪ್ರತಿ ಗೋಲಿಗೂ ಚೆಂಡು ತರಲು ನಾನೇ ಹೊಲಕ್ಕೆ ಓಡಬೇಕು. ಆ ದಿನ ಎಲ್ಲರಿಗಿಂತ ಹೆಚ್ಚು ಓಡಿದವನು ಗೋಲ್‌ಕೀಪರ್!

ಹುಸೇನಿ ಒಂದು ಹೊಡೆದರೆ ನಾನು ಎರಡು ಬಿಡುತ್ತಿದ್ದೆ. ಆರನೆಯದೂ ಹೋದಾಗ ಅವನು ಬಂದು ಕೈ ಮುಗಿದ. “ಸೆಕ್ರೆಟ್ರಿ ಸಾಬ್, ನಿಂತದ್ದು ಸಾಕು. ಅಡ್ಡ ಮಲಗಿಬಿಡ್ರಿ. ಒಂದಾದ್ರೂ ಮೈಗೆ ಬಡೀತೈತಿ.”

ಮಲಗಿದೆ. ಏಳನೆಯದು ಮೇಲಿಂದ ಹೋಯಿತು!

ಒಂಬತ್ತು–ನಾಲ್ಕರಲ್ಲಿ ಸೋತು ಊರಿಗೆ ಬಂದೆವು. ಮರುದಿನವೇ ಸಭೆ.

“ಹುಸೇನಿ ರೊಕ್ಕ ತಗೊಂಡು ನಾಕು ಹೊಡದಾನ,” ಎಂದರು ಸಾಹುಕಾರರು. “ನೀ ಪುಕ್ಕಟೆ ಒಂಬತ್ತು ಕೊಟ್ಟೀದಿ. ಈ ತಂಡದಾಗ ಎಲ್ಲಾರಿಗಿಂತ ದುಬಾರಿ ಆಟಗಾರ ನೀನ!”

ಸಂಬಳ ತಾವೇ ಕೊಡುವುದಾಗಿ ಎರ್ರಿಸ್ವಾಮಿಗೆ ಹೇಳಿ ಕಳಿಸಿದ್ದರು. ಅವನು ಬಾಗಿಲಲ್ಲೇ ನಿಂತು ಹೇಳಿದ: “ಬರ್ತೀನ್ರಿ. ಸಂಬಳ ಮೊದಲಿನಷ್ಟ ಸಾಕು. ಆದರ ಇವರು ಸೆಕ್ರೆಟ್ರಿ ಇರಬಾರ್ದು.”

“ಒಪ್ಪಿದವರು ಕೈ ಎತ್ರಪಾ,” ಎಂದರು ಸಾಹುಕಾರರು.

ಇಷ್ಟಪಟ್ಟು ಹಿಡಿದಿದ್ದ ಪದವಿ! ಆದರೂ ಎಲ್ಲರಿಗಿಂತ ಮೊದಲು ಮೇಲೆದ್ದದ್ದು ನನ್ನದೇ ಕೈ. ಹಿಂದಿನ ದಿನ ಒಂಬತ್ತು ಸಲವೂ ಏಳದಿದ್ದ ಕೈ!