ಜಲಗಂಡ

ಮಲ್ಲಿಕಾರ್ಜುನಸ್ವಾಮಿಯ ಬಯೋಡೇಟಾದಲ್ಲಿ ಒಂದೇ ಒಂದು ಪದ ಬಿಟ್ಟುಹೋಗಿತ್ತು. ಅದು ಅವನಿಗೆ ಗೊತ್ತಾದದ್ದು ಆರು ತಿಂಗಳ ಮೇಲೆ, ಅವನನ್ನು ಮದುವೆಯಾಗಲು ಒಪ್ಪಿದ್ದ ಗುಂಡ್ಲುಪೇಟೆಯ ಹುಡುಗಿ ಭವ್ಯ, ಬೆಳಗ್ಗೆ ಹತ್ತೂವರೆಗೆ ಆಫೀಸಿಗೆ ಫೋನು ಮಾಡಿದಾಗ.

"ರೀ, ಮದುವೆ ಆದ್ಮೇಲೆ ಸರ್ಫಿಂಗ್‌ಗೆ ಎಲ್ಲಿಗೆ ಹೋಗೋಣ?"

"ಅದಕ್ಕೆ ಯಾಕೆ ಎಲ್ಲಿಗಾದ್ರೂ ಹೋಗ್ಬೇಕು? ಮನೇಲೇ ವೈಫೈ ಹಾಕ್ಸಿದ್ದೀನಲ್ಲ!"

ಭವ್ಯ ಕಿಲಕಿಲ ನಕ್ಕಳು. "ತಮಾಷೆ ನಿಮ್ದು. ಹಲಗೆ ಹಾಕ್ಕೊಂಡು ಸಮುದ್ರದ ಅಲೆ ಮೇಲೆ ನಿಂತ್ಕೊಳ್ಳೋರು ನೀವು! ಅದನ್ನ ಓದೇ ನಾನು ಒಪ್ಪಿದ್ದು. ಒಳ್ಳೊಳ್ಳೆ ಜಾಗಗಳ ಪಟ್ಟಿ ಮಾಡ್ಕೊಂಡು ಸಾಯಂಕಾಲ ಬನ್ನಿ. ಮುಹೂರ್ತ ಇಡೋದಕ್ಕೆ ಐನೋರೂ ಬರ್ತಾರೆ."

ಫೋನು ಕಟ್ಟಾಯಿತು. ಸ್ವಾಮಿ ಡ್ರಾಯರಿನಿಂದ ಬಯೋಡೇಟಾ ತೆಗೆದು ನೋಡಿದ. "ಹವ್ಯಾಸ: ಸರ್ಫಿಂಗ್." ಅವನು ಬರೆದುಕೊಟ್ಟದ್ದು "ಇಂಟರ್ನೆಟ್ ಸರ್ಫಿಂಗ್" ಎಂದು!

ಚಾಮರಾಜನಗರದ ಬಸ್‌ಸ್ಟ್ಯಾಂಡಿನ ಪಕ್ಕ ಡಿಟಿಪಿ ಅಂಗಡಿ ಇಟ್ಟಿರುವ ಫಹೀಮನ ಬಳಿಗೆ ಓಡಿದ. ಫಹೀಮ ಹಾಳೆಯನ್ನು ದೂರ ಹಿಡಿದು ನೋಡಿ, ತಾನು ಮಾಡಿದ ಕೆಲಸಕ್ಕೆ ತಾನೇ ತಲೆದೂಗಿದ.

"ಲೈನು ಎರಡನೇ ಸಾಲಿಗೆ ಓಗ್ತಿತ್ತು ಸಾರ್. ನೋಡಾಕೆ ಚೆನ್ನಾಗಿರಾಕಿಲ್ಲ ಅಂತ 'ಇಂಟರ್ನೆಟ್' ತೆಗ್ದುಬುಟ್ಟೆ. ಇಂಟರ್ನೆಟ್ ಇಲ್ದೆ ಈಗ ಯಾರ್ ಸಾರ್ ಸರ್ಫಿಂಗ್ ಮಾಡೋರು?"

ಪಶುಪಾಲನಾ ಇಲಾಖೆಯ ಗುಮಾಸ್ತ ಸ್ವಾಮಿಗೆ ಮೂವತ್ತನಾಲ್ಕು ವರ್ಷ. ಹದಿನಾಲ್ಕು ಮನೆಗಳಲ್ಲಿ ಉಪ್ಪಿಟ್ಟು, ಕೇಸರಿಬಾತು ತಿಂದು "ತಿಳಿಸ್ತೀವಿ" ಅನ್ನಿಸಿಕೊಂಡು ಬಂದವನು. ಹದಿನೈದನೆಯ ಮನೆಯ ಭವ್ಯಳೊಬ್ಬಳೇ ಅವನ ಮುಖ ನೋಡಿ ನಕ್ಕವಳು. ಅವಳನ್ನು ಕಳೆದುಕೊಳ್ಳುವುದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು. ಆದರೆ ನೀರೆಂದರೆ ಅವನಿಗೆ ಪ್ರಾಣಭಯ. ಸಮುದ್ರ ಹಾಗಿರಲಿ, ಊರ ಕೆರೆಗೂ ಇಳಿದವನಲ್ಲ. ಸ್ನಾನದ ಬಕೆಟ್ಟಿಗೂ ಒಂದು ಮಾರು ದೂರ ನಿಂತು ಚೊಂಬು ಚಾಚುವ ಆಸಾಮಿ.

ಆಫೀಸಿಗೆ ಮರಳುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕುಳಿತಿತ್ತು. ಪಕ್ಕದ ಮೇಜಿನ ಪುಟ್ಟರಾಜು ಆಗಲೇ ಮೊಬೈಲಿನಲ್ಲಿ ಜಾಗ ಹುಡುಕುತ್ತಿದ್ದ.

"ಬರ್ಕೊಳ್ಲಾ. ಮಂಗಳೂರು ತಾವ ಮೂಲ್ಕಿ ಅಂತೆ. ಗೋಕರ್ಣ ಅಂತೆ. ಕೇರಳದಾಗೆ ವರ್ಕಲ ಅಂತೆ. ಅಲ್ಲಿ ಅಲೆ ಒಳ್ಳೆ ತೆಂಗಿನಮರ ಇದ್ದಂಗೆ ಬತ್ತದಂತೆ!"

"ಅಲೆನೇ ಇಲ್ದಿರೋ ಸಮುದ್ರ ಯಾವ್ದಾದ್ರೂ ಅದೆಯಾ ನೋಡು ಮಾರಾಯ."

"ಅದುಕ್ಕೆ ಕೆರೆ ಅಂತಾರೆ ಕಣ್ಲಾ! ಎದ್ರಬ್ಯಾಡ ಬುಡು. ನಿಂತ್ಕೊಳ್ಳೋದ ನಾನೇ ಕಲಿಸ್ತೀನಿ."

ಹಿಂದಿನ ಉಗ್ರಾಣದಿಂದ ಎರಡು ತುಂಡು ಪೈಪು ಬಂದವು. ಅವುಗಳ ಮೇಲೆ ಮುರುಕು ಬೆಂಚಿನ ಹಲಗೆ, ಹಲಗೆಯ ಮೇಲೆ ಸ್ವಾಮಿ. "ಮಂಡಿ ಬಗ್ಸು! ಕೈ ಅಗಲಿಸು!" ಎಂದು ಪುಟ್ಟರಾಜು ಕೂಗಿದ. ಸಾಹೇಬರು ಫೈಲು ಹಿಡಿದು ಒಳಗೆ ಬಂದದ್ದೂ, ಹಲಗೆ ಜರ್ರನೆ ಜಾರಿದ್ದೂ ಒಂದೇ ಗಳಿಗೆ. ಸ್ವಾಮಿ ನೇರವಾಗಿ ಸಾಹೇಬರ ಹೊಟ್ಟೆಗೆ ಹೋಗಿ ಬಡಿದ. ಸಾಯಂಕಾಲ ಬೇಗ ಹೊರಡಲು ಅವನು ಕೇಳಬೇಕೆಂದಿದ್ದ ಅನುಮತಿ ತಾನಾಗಿಯೇ ಸಿಕ್ಕಿತು, ಜೊತೆಗೊಂದು ಮೆಮೊ.

ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಗಂಡಿನ ಕಡೆಯ ಹಿರಿಯನಾಗಿ ಪುಟ್ಟರಾಜುವೂ ಹೊರಟ. ನಿಜ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಸ್ವಾಮಿ ಮನಸ್ಸು ಗಟ್ಟಿ ಮಾಡಿಕೊಂಡ. ಆದರೆ ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದ ಆ ಮನೆಯೊಳಗೆ ಕಾಲಿಡುತ್ತಿದ್ದಂತೆ ಭವ್ಯಳ ಅಜ್ಜಿ ಪುಟ್ಟಬಸಮ್ಮ ಅವನ ಕೆನ್ನೆ ನೀವಿ, ಲಟಕ್ಕನೆ ನೆಟಿಕೆ ತೆಗೆದರು.

"ಬಾ ನನ್ನಪ್ಪ, ಬಾ! ನಿನ್ಗೇ ಅಂತ ಇಪ್ಪತ್ತೇಳು ವರ್ಸದಿಂದ ಕಾಯ್ತಿವ್ನಿ. ಈ ಕೂಸು ಉಟ್ಟಿದಾಗ ಐನೋರು ಪಂಚಾಂಗ ನೋಡಿ, ಇವುಳ್ಗೆ ಜಲಗಂಡ ಅದೆ ಅಂದಿದ್ರು. ನೀರಿನ ಗಂಡ! ಬೋರ್‌ವೆಲ್ ಕೊರ್ಸೋನು ಬಂದ, ನೀರಿನ ಕ್ಯಾನು ಮಾರೋನು ಬಂದ. ಇವ್ನೇ ಇರ್ಬೌದಾ ಅಂತ ನೋಡ್ದೋ. ಮನ್ಸು ಒಪ್ನಿಲ್ಲ. ನೀನು ಸಮುದ್ರದೋನೇ ಬಂದೆ!"

ಸ್ವಾಮಿಯ ಬಾಯಿಗೆ ಬಂದಿದ್ದ ನಿಜ ಹಾಗೇ ಹೊಟ್ಟೆಗೆ ಇಳಿಯಿತು. ಫಹೀಮ ಮಾಡಿದ್ದು ತಪ್ಪಲ್ಲ, ದೇವರೇ ಮಾಡಿಸಿದ್ದು ಎಂದು ಅವನಿಗೆ ಅನ್ನಿಸಿತು. ಇನ್ನೇನು ಕೇಳುತ್ತೀರಿ? ಹುಡುಗ ಹರಿಯತೊಡಗಿದ. ಮೂಲ್ಕಿಯಲ್ಲಿ ತಾನು ನಿಂತ ಅಲೆ, ಗೋಕರ್ಣದಲ್ಲಿ ತನ್ನನ್ನು ನುಂಗಿ ಉಗುಳಿದ ಅಲೆ, ವರ್ಕಲದಲ್ಲಿ ತಾನು ಕೈಬೀಸಿ ಬಂದ ಹಡಗು! ಬಾಗಿಲ ಬಳಿ ನಿಂತಿದ್ದ ಭವ್ಯಳ ಕಣ್ಣುಗಳು ಅರಳಿ ಅರಳಿ ಹೋದವು. "ಒಂದ್ಸಲ ಮೂರು ದಿನ ನೀರ್ನಾಗೇ ಇದ್ದ ಕಣವ್ವ" ಎಂದು ಪುಟ್ಟರಾಜುವೂ ತನ್ನ ಪಾಲಿನ ಒಗ್ಗರಣೆ ಹಾಕಿದ.

ಅಷ್ಟರಲ್ಲಿ ಐನೋರು ಬಂದರು. ಅಳಿಯನಾಗುವವನ ಸಾಹಸವನ್ನು ಭವ್ಯಳ ತಂದೆ ವೃಷಭೇಂದ್ರಪ್ಪ ಹೆಮ್ಮೆಯಿಂದ ಹೇಳುತ್ತ ಹೋದಂತೆ ಐನೋರ ಮುಖ ಬಿಳಿಚಿತು. ಕೈಯಲ್ಲಿದ್ದ ಪಂಚಾಂಗ ಜಾರಿ ಕೆಳಗೆ ಬಿತ್ತು.

"ಜಲಗಂಡ ಅಂದ್ರೆ ನೀರಿನ ಗಂಡ ಅಲ್ಲ ಕಣವ್ವ, ನೀರಿನ ಗಂಡಾಂತರ! ಮಗೀನ ನೀರ ತಾವ್ಕೆ ಸೇರುಸ್ಬ್ಯಾಡಿ ಅಂತ ನಾನು ಏಳಿದ್ದು. ನೀವು ಸಮುದ್ರದೋನ್ಗೇ ಕೊಡಾಕೆ ಒಂಟಿದ್ದೀರಲ್ಲ!"

ಅಜ್ಜಿ "ಅಯ್ಯೋ ಸಿವನೇ" ಎಂದು ಎದೆ ಬಡಿದುಕೊಂಡರು. ವೃಷಭೇಂದ್ರಪ್ಪ ಎದ್ದುನಿಂತು ಕೈ ಮುಗಿದ.

"ಬೇಜಾರು ಮಾಡ್ಕಬ್ಯಾಡಿ. ಈ ಸಂಬಂಧ ಆಗಾಕಿಲ್ಲ."

"ಸುಳ್ಳು! ಎಲ್ಲಾ ಸುಳ್ಳು!" ಸ್ವಾಮಿ ಕಿರುಚಿಬಿಟ್ಟ. "ನಾನು ಸಮುದ್ರಾನೇ ನೋಡಿಲ್ಲ. ನಂಗೆ ಕೆರೆ ಕಂಡ್ರೂ ಭಯ. ಅದು ಇಂಟರ್ನೆಟ್ ಸರ್ಫಿಂಗು. ಅಂಗಡಿಯೋನು ಒಂದು ಪದ ಬಿಟ್ಬಿಟ್ಟ!"

ಐನೋರ ಮುಖ ಅರಳಿತು. "ನೀರು ಕಂಡ್ರೆ ಎದ್ರೋ ಗಂಡ! ಇವುಳ್ಗೆ ಇದಕ್ಕಿಂತ ಒಳ್ಳೆ ಪರಿಹಾರ ಯಾವ್ದದೆ?" ಎಂದರು. ವೃಷಭೇಂದ್ರಪ್ಪ ಓಡಿಬಂದು ಭಾವೀ ಅಳಿಯನನ್ನು ತಬ್ಬಿಕೊಂಡ. ಸ್ವಾಮಿಗೆ ಹೋದ ಜೀವ ಬಂದಂತಾಯಿತು.

"ಒಂದು ನಿಮಿಷ ಅಪ್ಪ" ಎಂದಳು ಭವ್ಯ.

ಅವಳ ಕಣ್ಣಲ್ಲಿ ನೀರಿತ್ತು. "ಹುಟ್ಟಿದಾಗಿಂದ ನಮ್ಮ ಮನೆ ಮುಂದೆ ಕೇರಳಕ್ಕೆ ಹೋಗೋ ಕಾರುಗಳನ್ನ ಎಣಿಸ್ತಾ ಕೂತಿದ್ದೀನಿ. ಎಲ್ಲರೂ ಸಮುದ್ರಕ್ಕೆ ಹೋಗೋರೇ. ಒಂದು ಕಾರಲ್ಲೂ ನಾನಿಲ್ಲ. ಕರ್ಕೊಂಡು ಹೋಗೋರು ಕೊನೆಗೂ ಬಂದ್ರು ಅಂತ ಇವರನ್ನ ಒಪ್ಪಿದೆ." ಅವಳು ಸ್ವಾಮಿಯ ಕಡೆ ತಿರುಗಿದಳು. "ಸುಳ್ಳು ಹೇಳಿದ್ದಕ್ಕೆ ಕೋಪ ಇಲ್ಲ. ಅಲೆ ಮೇಲೆ ನಿಂತ್ಕೊಳ್ಳೋದು ಈಗ್ಲಾದ್ರೂ ಕಲೀತೀರಾ? ಕಲೀತೀನಿ ಅಂದ್ರೆ ನಿಮ್ಮನ್ನೇ ಮದುವೆ ಆಗ್ತೀನಿ. ಇಲ್ಲ ಅಂದ್ರೆ ಇಲ್ಲ."

ಇಂಥ ಮಾತಿಗಾಗಿ ಸ್ವಾಮಿ ಬಾವಿಗೆ ಬೇಕಾದರೂ ಹಾರುತ್ತಿದ್ದ. "ಕಲೀ..." ಎಂದು ಬಾಯಿ ತೆರೆದ.

"ಕಲೀತೀನಿ ಅಂದ್ರೆ ಈ ಮನೇಲಿ ಎಣ್ಣು ಕೊಡಾಕಿಲ್ಲ!" ಎಂದು ವೃಷಭೇಂದ್ರಪ್ಪ, ಅಜ್ಜಿ, ಐನೋರು ಮೂವರೂ ಒಟ್ಟಿಗೆ ಗುಡುಗಿದರು.

ಸ್ವಾಮಿ ತೆರೆದ ಬಾಯಲ್ಲೇ ಒಮ್ಮೆ ಭವ್ಯಳನ್ನೂ ಒಮ್ಮೆ ಅವಳ ಅಪ್ಪನನ್ನೂ ನೋಡಿದ. ಪುಟ್ಟರಾಜು ಕೈಗಡಿಯಾರ ನೋಡಿ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮೆಲ್ಲಗೆ ವಿಚಾರಿಸಿದ.