ನನ್ನ ಕಾರಿನ ಎರಡನೇ ಟ್ಯಾಂಕು

ನಾನು ಹೆದರುವುದು ದೇವರಿಗೂ ಅಲ್ಲ, ಟ್ರಾಫಿಕ್ ಪೊಲೀಸರಿಗೂ ಅಲ್ಲ, ಹೆಂಡತಿಯ ಅಣ್ಣನಿಗೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಏಕೆಂದರೆ ಈ ಬಗೆಯ ಹೆದರಿಕೆಗೆ ಸಭ್ಯರು ಬಹಳ ಹಿಂದೆಯೇ ದಾಕ್ಷಿಣ್ಯ ಎಂದು ಚೆಂದದ ಹೆಸರಿಟ್ಟಿದ್ದಾರೆ. ನಮ್ಮ ಕಡೆ ಒಬ್ಬ ಅಂಗಡಿ ತೆರೆದನೆಂದರೆ ಅವನ ನೆಂಟರಿಷ್ಟರಿಗೆಲ್ಲ ಆ ದಿನದಿಂದ ಅದೇ ಅಂಗಡಿ ಖಾಯಂ ಆಯಿತು ಎಂದೇ ಲೆಕ್ಕ. ಭಾವ ಬಟ್ಟೆ ಅಂಗಡಿ ಇಟ್ಟಿದ್ದರೆ ವರ್ಷಕ್ಕೆರಡು ಅಂಗಿ ಹೊಲಿಸಿ ಪಾರಾಗುತ್ತಿದ್ದೆ. ಚಪ್ಪಲಿ ಅಂಗಡಿಯಾದರೂ ಆಗುತ್ತಿತ್ತು, ಚಪ್ಪಲಿ ಹೇಗೂ ಸವೆಯುತ್ತದೆ. ಆದರೆ ನನ್ನ ಹೆಂಡತಿ ವಸಂತಿಯ ಅಣ್ಣ ಕರುಣಾಕರ ಭಾವ ತೆರೆದದ್ದು ಪೆಟ್ರೋಲ್ ಬಂಕು. ಅದೂ ಬೆಳ್ತಂಗಡಿಯ ಆಚೆ. ನಾನಿರುವುದು ಬಂಟ್ವಾಳದಲ್ಲಿ, ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಹಳೆಯ ಡೀಸೆಲ್ ಕಾರು ಹೊಟ್ಟೆ ತುಂಬಿಸಿಕೊಳ್ಳಬೇಕಾದರೆ ಒಂದು ಗಂಟೆ ದೂರ ಹೋಗಬೇಕು, ಒಂದು ಗಂಟೆ ವಾಪಸು ಬರಬೇಕು.

ಬಂಟ್ವಾಳದಲ್ಲಿ ಬಂಕುಗಳಿಲ್ಲವೇ ಎಂದು ನೀವು ಕೇಳಬಹುದು. ಧಾರಾಳ ಉಂಟು. ಒಮ್ಮೆ ಅವಸರಕ್ಕೆ ಮನೆಯ ಹತ್ತಿರದ ಬಂಕಿನಲ್ಲಿ ಕದ್ದು ಹಾಕಿಸಿಯೂ ಇದ್ದೆ. ಅಂದು ಸಂಜೆಯೇ ಭಾವನ ಫೋನು ಬಂತು, ನನಗಲ್ಲ, ವಸಂತಿಗೆ. "ನಿನ್ನ ಗಂಡನಿಗೆ ನಮ್ಮ ಬಂಕಿನ ಡೀಸೆಲ್ ಹಿಡಿಸುವುದಿಲ್ವಂತೆ, ಹೌದಾ?" ಎಂದು ಕೇಳಿದರಂತೆ. ಯಾರು ಸುದ್ದಿ ಮುಟ್ಟಿಸಿದರೋ ಇವತ್ತಿಗೂ ತಿಳಿದಿಲ್ಲ. ಆಮೇಲೆ ಎಂಟು ದಿನ ಮನೆಯಲ್ಲಿ ನನ್ನೊಡನೆ ಮಾತಾಡಿದ್ದು ಟಿವಿ ಮಾತ್ರ. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಭಾನುವಾರ ನಾನು ಬೆಳ್ತಂಗಡಿಗೆ ಯಾತ್ರೆ ಹೊರಡುತ್ತೇನೆ. ಭಾವ ಎಳನೀರು ಕೊಡುತ್ತಾರೆ, "ನಮ್ಮದೇ ಇರುವಾಗ ಬೇರೆ ಕಡೆ ಯಾಕೆ, ಅಲ್ವಾ ಮಾಷ್ಟ್ರೆ?" ಎನ್ನುತ್ತಾರೆ, ನಾನು ಹೌದು ಹೌದು ಎಂದು ತಲೆಯಾಡಿಸುತ್ತಾ ಟ್ಯಾಂಕು ತುಂಬಿಸಿಕೊಳ್ಳುತ್ತೇನೆ. ಅಲ್ಲಿ ತುಂಬಿಸಿದ್ದರಲ್ಲಿ ಒಂದು ಪಾಲು ಅಲ್ಲಿಗೆ ಹೋಗಿ ಬರುವುದಕ್ಕೇ ಉರಿದುಹೋಗುತ್ತದೆ ಎಂಬುದು ವಿಜ್ಞಾನದ ಮಾಷ್ಟ್ರಿಗೆ ಗೊತ್ತು, ಭಾವನ ಎದುರು ನಿಂತ ತಂಗಿಯ ಗಂಡನಿಗೆ ಗೊತ್ತಿಲ್ಲ.

ಈ ವ್ಯವಸ್ಥೆ ಕೈಕೊಟ್ಟದ್ದು ನನ್ನ ತಂಗಿಯ ಮಗಳು ದೀಕ್ಷಾಳ ನಿಶ್ಚಿತಾರ್ಥದ ದಿನ. ತಂಗಿ ಶಶಿಕಲಾ ಇರುವುದು ಮೂಡಬಿದಿರೆಯಲ್ಲಿ. ಕರುಣಾಕರ ಭಾವ ಹಿಂದಿನ ದಿನವೇ ಬಂಟ್ವಾಳಕ್ಕೆ ಯಾವುದೋ ಕೆಲಸಕ್ಕೆ ಬಂದವರು ನಮ್ಮಲ್ಲೇ ಉಳಿದು, ಬೆಳಿಗ್ಗೆ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಡೀಸೆಲ್ ತೋರಿಸುವ ಮುಳ್ಳು ಕೆಂಪು ಗೆರೆಯ ಮೇಲೆ ಮಲಗಿತ್ತು. ಆ ವಾರ ಪರೀಕ್ಷೆಯ ಪೇಪರು ತಿದ್ದುವ ಗಡಿಬಿಡಿಯಲ್ಲಿ ನನ್ನ ಬೆಳ್ತಂಗಡಿ ಯಾತ್ರೆ ತಪ್ಪಿತ್ತು. ದಾರಿಯಲ್ಲಿ ಮೊದಲ ಬಂಕು ಕಂಡಾಗ ನಾನು ಮೆಲ್ಲಗೆ ವೇಗ ತಗ್ಗಿಸಿದೆ. ಹಿಂದಿನಿಂದ ಭಾವ, "ಇಂಥ ಕಡೆ ಹಾಕಿಸುವವರೂ ಉಂಟಲ್ಲ ಮಾರಾಯ್ರೆ!" ಎಂದರು. ನಾನು ವೇಗ ಹೆಚ್ಚಿಸಿದೆ. ಎರಡನೆಯ ಬಂಕಿನ ಎದುರು ಅವರು ಒಮ್ಮೆ ಕೆಮ್ಮಿದರು, ಅಷ್ಟೇ. ಅಷ್ಟು ಸಾಕಾಯಿತು. ಸಿದ್ಧಕಟ್ಟೆ ದಾಟಿ ಒಂದು ಏರಿನಲ್ಲಿ ಕಾರು ಎರಡು ಸಲ ಬಿಕ್ಕಳಿಸಿ ನಿಂತಿತು.

ಡೀಸೆಲ್ ಗಾಡಿ ಖಾಲಿಯಾಗಿ ನಿಂತರೆ ಬಾಟಲಿಯಲ್ಲಿ ತಂದು ಸುರಿದ ಕೂಡಲೇ ಹೊರಡುವುದಿಲ್ಲ. ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ, ಅದನ್ನು ತೆಗೆಯಲು ಮೆಕ್ಯಾನಿಕ್ ಬೇಕು. ಕೊನೆಗೆ ಬಂಟ್ವಾಳದಿಂದ ಸ್ಕೂಟರಿನಲ್ಲಿ ಬಂದವರು ಅಂತೋನಿ ಪೊರ್ಬುಗಳು. ನಮ್ಮೂರಿನ ಹಿರಿಯ ಮೆಕ್ಯಾನಿಕ್ಕು, ಮಾತಿಗಿಂತ ಸ್ಪ್ಯಾನರ್ ಹೆಚ್ಚು ಬಳಸುವ ಮನುಷ್ಯ. ಅವರು ಗಾಳಿ ತೆಗೆದು ಗಾಡಿ ಹೊರಡಿಸಿ ನಾವು ಮೂಡಬಿದಿರೆ ತಲುಪುವಾಗ ವೀಳ್ಯ ಬದಲಾಗಿ, ಊಟವಾಗಿ, ಪಾಯಸದ ಪಾತ್ರೆ ತೊಳೆಯಲು ಹೋಗಿತ್ತು. ಸೋದರಮಾವನಾಗಿ ವೀಳ್ಯ ಹಿಡಿಯಬೇಕಾಗಿದ್ದವನು ನಾನು. ಶಶಿ ಮುಖ ತಿರುಗಿಸಿಕೊಂಡಳು. ದೀಕ್ಷಾ ಮಾತ್ರ ಹತ್ತಿರ ಬಂದು, "ಮಾವ, ಮದುವೆಯ ದಿನ ನನ್ನನ್ನು ಮಂಟಪಕ್ಕೆ ಕೈಹಿಡಿದು ಕರ್ಕೊಂಡು ಹೋಗಬೇಕಾದವರು ನೀವು. ಅವತ್ತೂ ಹೀಗೆ ಮಾಡಿದರೆ ನಾನು ಜನ್ಮದಲ್ಲಿ ನಿಮ್ಮ ಹತ್ರ ಮಾತಾಡುವುದಿಲ್ಲ" ಎಂದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣಲ್ಲಿ ನೀರಿತ್ತು. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇಡೀ ಮೂಡಬಿದಿರೆ ಸುತ್ತಿಸಿದವನು ನಾನು.

ದಾರಿಯಲ್ಲಿ ಎದುರಾಗುವ ಬಂಕಿನಲ್ಲಿ ಡೀಸೆಲ್ ಹಾಕಿಸಿಕೊಳ್ಳುವುದು ಎಂಬ ಸುಲಭದ ಪರಿಹಾರ ನನಗೆ ಹೊಳೆಯಲಿಲ್ಲ. ಹೊಳೆದದ್ದು, ಕಾರಿಗೆ ಇನ್ನೊಂದು ಟ್ಯಾಂಕು ಕೂರಿಸುವುದು! ಎರಡು ಟ್ಯಾಂಕಿದ್ದರೆ ಭಾವನ ಬಂಕಿಗೆ ತಿಂಗಳಿಗೊಮ್ಮೆ ಹೋದರೆ ಸಾಕು, ದಾಕ್ಷಿಣ್ಯಕ್ಕೂ ಭಂಗವಿಲ್ಲ, ಮದುವೆಗೂ ತಡವಿಲ್ಲ. ಸ್ಟಾಫ್ ರೂಮಿನಲ್ಲಿ ವಿಷಯ ತೆಗೆದೆ. ತೆಗೆಯಬಾರದಿತ್ತು. ಕನ್ಯಾನದಿಂದ ಬರುವ ಸಮಾಜದ ಮಾಷ್ಟ್ರು, "ಟ್ಯಾಂಕ್ ಯಾಕೆ? ನಮ್ಮಲ್ಲಿ ಕೇರಳದ ಗಡಿ ದಾಟಿ ಡೀಸೆಲಿಗೆ ಬರುವವರು ಕ್ಯಾನಿನಲ್ಲೇ ತುಂಬಿಸಿಕೊಂಡು ಹೋಗ್ತಾರೆ. ಎರಡು ಕ್ಯಾನ್ ಡಿಕ್ಕಿಯಲ್ಲಿಡಿ, ಆಯ್ತು" ಎಂದರು. ಡ್ರಿಲ್ ಮಾಷ್ಟ್ರು ಅವರಿಗಿಂತ ಒಂದು ಹೆಜ್ಜೆ ಮುಂದೆ. ತೋಟಕ್ಕೆ ಮದ್ದು ಬಿಡುವ ನೀಲಿ ಡ್ರಮ್ಮೊಂದು ಅವರ ಮನೆಯಲ್ಲಿ ಸುಮ್ಮನೆ ಬಿದ್ದಿದೆಯಂತೆ, ಅದಕ್ಕೊಂದು ಪೈಪು ಸಿಕ್ಕಿಸಿ ಹಿಂದಿನ ಸೀಟಿಗೆ ಬೆಲ್ಟು ಹಾಕಿ ಕೂರಿಸಿದರೆ ಟ್ಯಾಂಕೂ ಆಯಿತು, ನಿಯಮ ಪಾಲಿಸಿದ ಹಾಗೂ ಆಯಿತು. ಒಳಗೆ ಮೈಲುತುತ್ತಿನ ಗಸಿ ಇರುತ್ತದಲ್ಲವೇ ಎಂದೆ. "ಎಂಜಿನ್ನಿಗೆ ರೋಗ ಬರುವುದಿಲ್ಲ ಬಿಡಿ" ಎಂದರು.

ನಾನು ಡ್ರಮ್ಮಿಗೆ ಅರ್ಧ ಮನಸ್ಸು ಮಾಡಿಯೂ ಇದ್ದೆ. ಪುಣ್ಯಕ್ಕೆ ಮೊದಲು ಪೊರ್ಬುಗಳ ಗ್ಯಾರೇಜಿಗೆ ಹೋದೆ. ಅವರು ಎಲ್ಲ ಕೇಳಿಸಿಕೊಂಡು ಕೈ ಒರಸುತ್ತಾ, "ಮಾಷ್ಟ್ರೆ, ಗಾಡಿ ನಿಂತಿತ್ತಲ್ಲ, ಅಲ್ಲಿಯವರೆಗೆ ದಾರಿಯಲ್ಲಿ ಬಂಕ್ ಎಷ್ಟು ಉಂಟು?" ಎಂದು ಕೇಳಿದರು.

"ಎರಡು" ಎಂದೆ.

"ಹಾಗಾದ್ರೆ ನಿಮಗೆ ಬೇಕಾದದ್ದು ಟ್ಯಾಂಕ್ ಅಲ್ಲ" ಎಂದರು. ನಾನು ಟ್ಯಾಂಕೇ ಬೇಕು ಎಂದೆ. ನನ್ನ ಹಟ ನೋಡಿ ಕೊನೆಗೆ ಒಪ್ಪಿದರು. "ಆದ್ರೆ ಡ್ರಮ್, ಕ್ಯಾನ್, ಅದೆಲ್ಲ ನನ್ನ ಗ್ಯಾರೇಜಿನೊಳಗೆ ಬರಬಾರದು. ಸಾರಿಗೆ ಕಚೇರಿಯ ಒಪ್ಪಿಗೆ ತನ್ನಿ, ಇನ್ಶೂರೆನ್ಸಿನವರಿಗೆ ಬರೆದು ತಿಳಿಸಿ. ಅದು ಇಲ್ಲದೆ ನಾನು ಒಂದು ಬೋಲ್ಟ್ ಹಾಕುವುದಿಲ್ಲ."

ಸಾರಿಗೆ ಕಚೇರಿಯ ಅರ್ಜಿಯಲ್ಲಿ ಬದಲಾವಣೆಗೆ ಕಾರಣ ಎಂದು ಒಂದು ಸಾಲು ಖಾಲಿ ಬಿಟ್ಟಿದ್ದರು. ಆ ಸಾಲಿನ ಎದುರು ನಾನು ಕುಳಿತಷ್ಟು ಹೊತ್ತು ನನ್ನ ವಿದ್ಯಾರ್ಥಿಗಳು ಪಬ್ಲಿಕ್ ಪರೀಕ್ಷೆಯಲ್ಲೂ ಕುಳಿತಿರಲಾರರು. ಕೊನೆಗೆ 'ಕೌಟುಂಬಿಕ' ಎಂದು ಬರೆದೆ. ಅಧಿಕಾರಿ ಅದನ್ನೋದಿ ತಲೆಯೆತ್ತಿ ನನ್ನನ್ನು ನೋಡಿದರು, ಮತ್ತೆ ಏನೂ ಕೇಳಲಿಲ್ಲ. ಅವರಿಗೂ ಒಬ್ಬ ಭಾವ ಇದ್ದಿರಬೇಕು. ನಾಲ್ಕು ಸಲ ಓಡಾಡಿಸಿದರೂ ಒಪ್ಪಿಗೆ ಕೊಟ್ಟರು.

ಪೊರ್ಬುಗಳ ಕೆಲಸ ನೋಡಿ ನನಗೆ ಭಕ್ತಿಯೇ ಬಂತು. ಉಕ್ಕಿನ ಟ್ಯಾಂಕು, ತಿರುವಿನಲ್ಲಿ ಡೀಸೆಲ್ ಆ ಕಡೆ ಈ ಕಡೆ ಅಪ್ಪಳಿಸದಂತೆ ಅದರೊಳಗೆ ತಡೆತಗಡುಗಳು. ಅದನ್ನು ಡಿಕ್ಕಿಯ ತೆಳ್ಳಗಿನ ತಗಡಿಗಲ್ಲ, ಕೆಳಗಿನ ಗಟ್ಟಿ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿದರು. ತುಂಬಿಸುವ ಬಾಯಿ, ಗಾಳಿ ಹೋಗುವ ಕೊಳವೆ ಎರಡನ್ನೂ ಕಾರಿನ ಹೊರಗೆ ತೆಗೆದರು, ಒಳಗೆ ವಾಸನೆ ಸೇರಬಾರದು. ಪೈಪನ್ನು ಸೈಲೆನ್ಸರಿನಿಂದ ದೂರ ಎಳೆದರು, ಸಣ್ಣ ಪಂಪಿನ ವಯರಿಗೆ ಫ್ಯೂಸು ಹಾಕಿದರು, ಗಾಳಿ ತುಂಬಿ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಒಂದಾದರೂ ಗುಳ್ಳೆ ಏಳುತ್ತದೋ ಎಂದು ಕನ್ನಡಕ ಹಾಕಿಕೊಂಡು ಕಾದರು. ಏಳಲಿಲ್ಲ. ಕೊನೆಗೆ ಬೆಂಕಿ ಆರಿಸುವ ಸಿಲಿಂಡರೊಂದನ್ನು ಸೀಟಿನ ಬುಡದಲ್ಲಿಟ್ಟು, "ಡೀಸೆಲ್ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವುದಿಲ್ಲ ಅಂತ ಧೈರ್ಯ ಮಾಡಬೇಡಿ. ಮುಚ್ಚಳ ತೆಗೆಯುವಾಗ ಎಂಜಿನ್ ಬಂದ್, ಬೀಡಿ ಸಿಗರೇಟ್ ಇಲ್ಲ, ಮೊಬೈಲ್ ಬಂದ್. ಡಿಕ್ಕಿಯಲ್ಲಿ ಬೇರೆ ಭಾರ ಹೇರಬೇಡಿ" ಎಂದರು. ನಾನು ನೋಟ್ಸ್ ಬರೆದುಕೊಂಡೆ.

ವಸಂತಿಗೆ ಇದಾವುದೂ ಹಿಡಿಸಲಿಲ್ಲ. ನಮ್ಮ ಮನೆಮಾತು ತುಳು. ಅವಳು ಹೇಳಿದ್ದನ್ನು ಇಲ್ಲಿ ಕನ್ನಡಕ್ಕೆ ತಿರುಗಿಸಿದ್ದೇನೆ, ಖಾರ ಕಡಿಮೆ ಅನಿಸಿದರೆ ತಪ್ಪು ನನ್ನ ಭಾಷಾಂತರದ್ದು. "ನನ್ನ ಸೀರೆಯ ಪೆಟ್ಟಿಗೆ ಇಡಲು ಡಿಕ್ಕಿಯಲ್ಲಿ ಜಾಗ ಇಲ್ಲ, ನಿಮ್ಮ ಹೆದರಿಕೆ ಇಡಲು ಜಾಗ ಉಂಟು. ಅಣ್ಣನಿಗೆ ಒಂದು ಮಾತು ಹೇಳಲಿಕ್ಕೆ ಆಗುವುದಿಲ್ವಾ ನಿಮಗೆ?" ನಾನು ಅವಳಿಗೆ ತಡೆತಗಡಿನ ಮಹತ್ವ ವಿವರಿಸಿದೆ. ಅವಳು ಅಡುಗೆಮನೆಗೆ ಹೋದಳು.

ಮದುವೆಯ ದಿನ ಬಂತು. ಎರಡೂ ಟ್ಯಾಂಕು ತುಂಬಿಸಿಕೊಂಡು, ಪೆಟ್ಟಿಗೆಯನ್ನು ವಸಂತಿಯ ತೊಡೆಯ ಮೇಲಿರಿಸಿ, ಮುಹೂರ್ತಕ್ಕೆ ಒಂದೂವರೆ ಗಂಟೆ ಮೊದಲೇ ಮೂಡಬಿದಿರೆಯ ಮದುವೆ ಹಾಲಿನ ಎದುರು ಕಾರು ನಿಲ್ಲಿಸಿದೆ. ಶಶಿ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ನೋಡಿ ಅವಳ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ, "ಬಾ ಅಣ್ಣ" ಎಂದಳು. ಕಾರು ಸರಿಯಾದ ಜಾಗದಲ್ಲಿ ನಿಲ್ಲಿಸಿ ಈಗ ಬರುತ್ತೇನೆ ಎಂದು ಹೇಳಿ, ವಸಂತಿಯನ್ನು ಒಳಗೆ ಕಳಿಸಿ, ಹಾಲಿನ ಹಿಂದಿನ ಬಯಲಿಗೆ ಹೋದೆ.

ಮದುವೆಗೆ ಬಂದ ಗಂಡಸರು ಮುಹೂರ್ತದವರೆಗೆ ಇರುವುದು ಹಾಲಿನೊಳಗಲ್ಲ, ಪಾರ್ಕಿಂಗಿನಲ್ಲಿ. ನಾನು ಡಿಕ್ಕಿ ತೆಗೆದು ಬಿಗಿತ ಸರಿಯಿದೆಯೇ ಎಂದು ನೋಡುತ್ತಿರುವಾಗ ಒಬ್ಬರು ಬಂದು, "ಇದು ಎಂತ ಮಾಷ್ಟ್ರೆ, ಗ್ಯಾಸಾ?" ಎಂದರು. ಗ್ಯಾಸಲ್ಲ ಎಂದು ಸುರುಮಾಡಿದೆ. ಇನ್ನಿಬ್ಬರು ಸೇರಿದರು. ಆಮೇಲೆ ಹತ್ತು ಜನ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಶ್ರದ್ಧೆಯಿಂದ ಕೇಳುವ ತರಗತಿ ನನಗೆ ಸಿಕ್ಕಿದ್ದೇ ಇಲ್ಲ. ಒಬ್ಬರು ಮುಚ್ಚಳಕ್ಕೆ ಹೇಗೆ ಬೀಗ ಬೀಳುತ್ತದೆ ತೋರಿಸಿ ಎಂದರು. ನಾನು ಮುಚ್ಚಳಕ್ಕೆ ಕೈ ಹಾಕುವ ಮೊದಲು ಎಲ್ಲರಿಗೂ ಮೊಬೈಲು ಬಂದ್ ಮಾಡಲು ಹೇಳಿದೆ. ಮಾದರಿಯಾಗಿ ಮೊದಲು ನನ್ನದನ್ನೇ ಬಂದ್ ಮಾಡಿದೆ. ಗಾಳಿಕೊಳವೆ ಮುಗಿದು, ಫ್ಯೂಸು ಮುಗಿದು, ಸೋಪಿನ ನೀರಿನ ಗುಳ್ಳೆಗೆ ಬರುವಾಗ ಒಳಗಿನಿಂದ ವಾದ್ಯ ಜೋರಾಗಿ ಕೇಳಿಸಿತು. ಗಟ್ಟಿಮೇಳ.

ಓಡಿದೆ. ಪಂಚೆ ಎತ್ತಿಕೊಂಡು ಓಡಿದೆ. ಒಳಗೆ ಹೋಗುವಾಗ ದೀಕ್ಷಾ ಮಂಟಪದಲ್ಲಿದ್ದಳು, ಕೊರಳಲ್ಲಿ ಹಾರ. ಅವಳ ಪಕ್ಕದಲ್ಲಿ, ಅವಳನ್ನು ಕೈಹಿಡಿದು ಕರೆತಂದು ಈಗಷ್ಟೇ ಹಿಂದೆ ಸರಿದು ನಿಂತವರು ಕರುಣಾಕರ ಭಾವ. ಬೆಳ್ತಂಗಡಿಯಿಂದ ನೇರವಾಗಿ ಬಂದು ಹೊತ್ತಿಗೆ ಮುಂಚೆ ತಲುಪಿದ್ದರಂತೆ. ಹತ್ತು ಸಲ ನನಗೆ ಫೋನು ಮಾಡಿದರಂತೆ. ಪುರೋಹಿತರು ಮುಹೂರ್ತ ಮೀರುತ್ತದೆ, ಮಾವನ ಸ್ಥಾನದವರು ಯಾರಾದರೂ ಬನ್ನಿ ಎಂದರಂತೆ. ದೀಕ್ಷಾ ನನ್ನ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದಳು. ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ.

ಶಶಿ ಈ ಸಲ ಮುಖ ತಿರುಗಿಸಲಿಲ್ಲ. ನೇರ ನನ್ನ ಮುಂದೆ ಬಂದು, ತುಂಬ ಮೆಲ್ಲಗೆ ಕೇಳಿದಳು. "ಅಣ್ಣ, ಇವತ್ತು ಏನು ಖಾಲಿಯಾದದ್ದು?"

ಹೊರಗೆ ಇಡೀ ಬಯಲಿಗೆ ಪಾಠ ಹೇಳಿ ಬಂದ ನಾನು ಜೇಬಿನಿಂದ ಮೊಬೈಲು ತೆಗೆದು ಚಾಲೂ ಮಾಡಿದೆ.