ಡಾಬಕಾದಲ್ಲಿ ಆರು ವಾರ ಇಟಲಿ

ಹಾರ ಬಿದ್ದ ಮೇಲೆ ಪ್ರಯಾಣ ತಪ್ಪಬಾರದು. ಬೀದರಿನ ಡ್ರಾಯಿಂಗ್ ಮಾಸ್ತರ ಗೋರಖನಾಥರಿಗೆ ಬಿದ್ದದ್ದು ಹನ್ನೊಂದು ಹಾರ, ತಪ್ಪಿದ್ದು ಇಟಲಿ. ಅಲ್ಲಿ ಊರೂರು ತಿರುಗಿ ಚಿತ್ರಕಲೆಯ ಇತಿಹಾಸ ಕಲಿಯುವ ಆರು ವಾರದ ಸರಕಾರಿ ಕೋರ್ಸಿಗೆ ಅವರು ಆರಿಸಿಬಂದಿದ್ದರು. ಅಷ್ಟರಲ್ಲಿ ಬೀದರ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಹಳೆಯ ಕಚೇರಿ ‘ನೀವು ಈಗ ನಮ್ಮವರಲ್ಲ’ ಎಂದು ಬರೆಯಿತು. ಹೊಸ ಕಚೇರಿ ‘ನಿಮ್ಮ ಕಾಗದಪತ್ರ ಇನ್ನೂ ನಮಗೆ ಮುಟ್ಟಿಲ್ಲ’ ಎಂದಿತು. (ನಾಡು ಒಂದಾದ ಸಂಭ್ರಮದಲ್ಲಿ ಮಾಸ್ತರರೊಬ್ಬರೇ ಎರಡು ಹೋಳಾದರು.) ಎರಡೂ ಪತ್ರ ಬಂದದ್ದು ಬೀಳ್ಕೊಡುಗೆಯ ಮರುದಿನ.

“ಹೋಗೂದು ನಿಂತದ ಅಂತ ಹೇಳಿಬಿಡ್ರಿ. ಮಂದಿ ಏನು ನಿಮ್ಮನ್ನ ತಿಂತಾರೇನು?” ಎಂದಳು ಹೆಂಡತಿ ಶಾಲುಬಾಯಿ.

“ಹನ್ನೊಂದು ಹಾರ ಹಾಕಿಸ್ಕೊಂಡು ಯಾವ ಮಾರಿ ತೋರಸ್ಲಿ? ಡಾಬಕಾಕ್ಕ ನಿಮ್ಮ ಅಣ್ಣನ ಹೊಲಕ್ಕ ಹೋಗ್ತೇನಿ. ಮಂದಿ ಕೇಳಿದ್ರ ಇಟಲಿ ಅನ್ನು.”

“ಇಟಲಿಗೆ ರೊಟ್ಟಿ ಎಷ್ಟು ಕಟ್ಲಿ?”

ಮಾಸ್ತರರು ಇಟಲಿಯ ಚಿತ್ರಗಳ ದಪ್ಪ ಪುಸ್ತಕವೊಂದನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಔರಾದ ಬಸ್ಸು ಹತ್ತಿ ಡಾಬಕಾ ಹಳ್ಳಿ ಸೇರಿದರು. ಭಾವ ಪಂಢರಿಯ ಜೋಳ ಆಗ ತೆನೆಗಟ್ಟಿತ್ತು. ಹಕ್ಕಿ ಕಾಯುವ ಅಟ್ಟಣಿಗೆಯೇ ಮಾಸ್ತರರ ವಿಶ್ವವಿದ್ಯಾಲಯವಾಯಿತು. ಒಂದೊಂದು ಚಿತ್ರ ತೆರೆದು ಅವರು ನೆರಳು-ಬೆಳಕಿನ ಮರ್ಮವನ್ನು ಏರುದನಿಯಲ್ಲಿ ವಿವರಿಸತೊಡಗಿದರೆ ಒಂದು ಗುಬ್ಬಿಯೂ ನಿಲ್ಲುತ್ತಿರಲಿಲ್ಲ. ಆ ವರ್ಷ ಪಂಢರಿ ಕವಣೆ ಮುಟ್ಟಲೇ ಇಲ್ಲ.

ಆರು ವಾರದ ಮೇಲೆ ಮಾಸ್ತರರು ಬಿಸಿಲಿಗೆ ಹಂಚಿನಂತಾಗಿ ಬೀದರಿಗೆ ಮರಳಿದರು. ಸಾಲೆಯಲ್ಲಿ ಸಭೆ ಕೂಡಿತು. ಹೆಡ್‌ಮಾಸ್ತರ ಮುಜೀಬೋದ್ದೀನರು ಎಲ್ಲರಿಗಿಂತ ಮೊದಲು ಎದ್ದರು.

“ಮಾಸ್ತರ್ ಸಾಬ, ಅಲ್ಲಿ ಥಂಡಿ ಭಾಳ ಇತ್ತೇನ್ರಿ?”

“ಭಾಳ ಅಂದ್ರ ಭಾಳ್ರಿ. ಥಂಡಿಗೇ ಮಾರಿ ಸುಟ್ಟು ಹ್ಯಾಂಗ ಕರ್ರಗಾಗ್ಯದ ನೋಡ್ರಿ!”

ಸಭೆಯೆಲ್ಲ ತಲೆದೂಗಿತು. ಒಬ್ಬನೂ ನಗಲಿಲ್ಲ. ಮಾಸ್ತರರು ಎರಡು ತಾಸು ಮಾತಾಡಿದರು, ಒಬ್ಬನೂ ಏಳಲಿಲ್ಲ. ಹನ್ನೆರಡನೆಯ ಹಾರವೂ ಬಿತ್ತು.

ಮನೆಗೆ ಬಂದವರ ಕಾಲು ನೆಲದ ಮೇಲಿರಲಿಲ್ಲ. “ಒಬ್ಬರಿಗಾದ್ರೂ ಸುಳಿವು ಹತ್ತಿತೇನು? ಭಾಲ್ಕಿಯವರೂ ಭಾಷಣಕ್ಕ ಕರದಾರ. ಸೋಮವಾರ!”

ಶಾಲುಬಾಯಿ ಚಿಂತೆಗೀಡಾದಳು. “ಸೋಮವಾರ ಬ್ಯಾಡ್ರಿ. ಒಂದು ವಾರ ಮುಂದ ಹಾಕ್ರಿ.”

“ಯಾಕ?”

“ಭಾಲ್ಕಿ ಮಂದಿಗೆ ನಾ ಇನ್ನಾ ಹೇಳಿಲ್ಲ.”

“ಏನು ಹೇಳಿಲ್ಲ?”

ಶಾಲುಬಾಯಿ ಸೆರಗಿನ ತುದಿ ಬೆರಳಿಗೆ ಸುತ್ತಿದಳು. “ನೀವು ಬಸ್ ಹತ್ತಿದ ಮರುದಿನಾನೇ ಇಲ್ಲಿ ಮನಿ ಮನಿಗೆ ಹೋಗಿ ಕೈ ಮುಗದು ಬಂದೀನ್ರಿ. ‘ಅವರು ಡಾಬಕಾದಾಗ ಅದಾರ. ಇಟಲಿ ತಪ್ಪಿದ್ದು ಮನಸ್ಸಿಗೆ ಭಾಳ ಹಚ್ಕೊಂಡಾರ. ಬಂದು ಇಟಲಿ ಅಂದ್ರ ನೀವೂ ಹೌದನ್ರಿ’ ಅಂತ.”

“ಹೆಡ್‌ಮಾಸ್ತರರಿಗೂ?”

“ಪಾಪ, ಥಂಡಿ ಮಾತು ತೆಗದವರು ಅವರೇ ಅಲ್ಲೇನ್ರಿ? ‘ಬಿಸಿಲಾಗ ಮಾರಿ ಕರ್ರಗಾಗಿರ್ತದ, ಅವರಿಗೊಂದು ದಾರಿ ಮಾಡಿಕೊಡ್ತೇನಿ’ ಅಂದಿದ್ರು.”

ಮಾಸ್ತರರು ಕೊರಳಲ್ಲಿದ್ದ ಹಾರವನ್ನು ಮೆಲ್ಲಗೆ ತೆಗೆದರು. ಎಲ್ಲಿಡಬೇಕೆಂದು ತಿಳಿಯದೆ ಹೆಂಡತಿಯ ಕೈಗೇ ಕೊಟ್ಟರು. ಆಮೇಲೆ ಕೇಳಿದರು:

“ಭಾಲ್ಕಿಗೆ ಮುಂಜಾನಿ ಗಾಡಿ ಎಷ್ಟಕ್ಕದ?”

“ಯಾಕ್ರಿ? ಭಾಷಣ ಒಲ್ಲೆ ಅಂತ ಹೇಳಿ ಬರ್ತೀರೇನು?”

“ಹುಚ್ಚಿ! ಭಾಲ್ಕಿ ದೊಡ್ಡೂರು. ಒಬ್ಬಾಕಿಗೇ ತಿರುಗೂದು ಆಗ್ತದೇನು? ಅರ್ಧ ಓಣಿಗೆ ನೀ ಹೇಳು, ಅರ್ಧಕ್ಕ ನಾ ಹೇಳ್ತೇನಿ.”